ಕೆಂಚನಿಗೆ ಬೈಗುಳ

ಅಪ್ಪಾ,

ಕೆಂಚನನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಹೊಟ್ಟೆಕಿಚ್ಚು. ನನಗಿಂತ ಆ ಕುದುರೆಯ ಜೊತೆಗೇ ನೀನು ಹೆಚ್ಚು ಮಾತಾಡುತ್ತಿದ್ದೆ. ನೀನು ತೀರಿಕೊಂಡ ಮೇಲೆ ಜಟಕಾ ನನ್ನ ಪಾಲಿಗೆ ಬಂತು. ಮನೆಯಲ್ಲಿ ನಮಗೆ ಏನಿಲ್ಲದಿದ್ದರೂ ಅವನಿಗೆ ಬೇಯಿಸಿದ ಹುರುಳಿ ಬೇಕು. ಹೊಡೆಸಿದ ಲಾಳ ವಾರ ನಿಲ್ಲುವುದಿಲ್ಲ. ಮೈ ಉಜ್ಜಲು ಹೋದರೆ ಅಂಗಿ ಕಚ್ಚಿ ಹರಿಯುತ್ತಾನೆ. ನಾಳಿನ ಸಂತೆಯಲ್ಲಿ ಮಾರಿಬಿಡಬೇಕೆಂದಿದ್ದೆ.

ಇವತ್ತು ಮೊಮ್ಮಗಳ ಬಾಣಂತನಕ್ಕೆ ಹೊರಟ ಪಕ್ಕದ ಮನೆ ಕೊಟ್ರಮ್ಮಜ್ಜಿಯನ್ನು ಹೊಸದುರ್ಗ ರೋಡ್ ಸ್ಟೇಷನ್ನಿಗೆ ಕರೆದೊಯ್ಯುತ್ತಿದ್ದೆ. ಸ್ಟೇಷನ್ ಕಾಣುವಷ್ಟರಲ್ಲಿ ಕೆಂಚ ನಿಂತುಬಿಟ್ಟ. ಬೆಲ್ಲ ತೋರಿಸಿದೆ, ಇಳಿದು ಗಾಡಿ ತಳ್ಳಿದೆ, ಸೋತು ಮತ್ತೆ ಹತ್ತಿ ಕೂತೆ. ದೂರದಲ್ಲಿ ರೈಲು ಕೂಗಿತು.

"ನಡಿಯಪ್ಪ, ನಿನ್ನ ದಮ್ಮಯ್ಯ!" ಎಂದೆ.

"ಕುದ್ರೆ ಕಾಲಿಗೆ ಬೀಳ್ತೀಯೇನಲೇ? ನಿಮ್ಮಪ್ಪ ಬೈತಿದ್ದಂಗೆ ಬೈಯಲೇ!" ಎಂದಳು ಅಜ್ಜಿ.

"ಏಳಲೇ ಸೋಂಬೇರಿ, ಇದೇನು ನಿಮ್ಮ ಮಾವನ ಮನೆಯೇನಲೇ!"

ನನ್ನ ಬಾಯಿಂದ ನಿನ್ನ ದನಿಯೇ ಬಂತು. ಕೆಂಚ ಕಿವಿ ನಿಮಿರಿಸಿ ಒಮ್ಮೆ ಹಿಂದಕ್ಕೆ ನೋಡಿದ, ಆಮೇಲೆ ಓಡಿದ ಓಟಕ್ಕೆ ಅಜ್ಜಿ ಬುತ್ತಿಗಂಟು ತಬ್ಬಿಕೊಂಡು ಬಿದ್ದು ಬಿದ್ದು ನಕ್ಕಳು. ರೈಲು ಸಿಕ್ಕಿತು.

ಇದೇ ಮಾತು ಹೇಳಿ ನೀನು ನನ್ನನ್ನು ಶಾಲೆಗೆ ಎಬ್ಬಿಸುತ್ತಿದ್ದೆ. ನಾನು ಏಳುತ್ತಿರಲಿಲ್ಲ.

ಬರುವಾಗ ದಾರಿಯುದ್ದಕ್ಕೂ ಬೈದೆ, ಕೆಂಚ ಕುಣಿಯುತ್ತ ಬಂದ. ಸಂತೆಯ ಮಾತು ಬಿಟ್ಟೆ. ಹೊಸದುರ್ಗಕ್ಕೆ ಬಾಡಿಗೆ ಸಿಕ್ಕಿದೆ. ನಾಳೆ ಬೆಳಿಗ್ಗೆ ನಾವಿಬ್ಬರೂ ಹೊರಡುತ್ತೇವೆ.