ಇಬ್ಬರ ಪ್ರಮೇಯ

ನಂಜನಗೂಡು
೨೪ ಅಕ್ಟೋಬರ್ ೨೦೨೪

ಪ್ರೀತಿಯ ಮಾನಸ,

ಹೇಗಿದ್ದೀಯ? ಭಾನುವಾರ ನಿಮ್ಮ ಬನ್ನೂರಿನಿಂದ ಬಂದವಳು ಅಂದೇ ಬರೆಯಬೇಕಿತ್ತು. ಇಂಟರ್ನಲ್ ಪರೀಕ್ಷೆಗಳ ನೆವ ಸಿಕ್ಕಿತು, ಮುಂದಕ್ಕೆ ಹಾಕುತ್ತಾ ಬಂದೆ. ಬೇಸರ ಮಾಡಿಕೊಳ್ಳಬೇಡ. ನೀನು ಫೋನ್ ತೆಗೆಯುವುದಿಲ್ಲವಲ್ಲ, ಅದಕ್ಕೇ ಕಾಗದ.

ನಮ್ಮ ಪ್ರಮೇಯ ಮುಗಿಯಿತು ಕಣೇ. ಮೈಸೂರಿನಲ್ಲಿ ಸಂಶೋಧನೆಗೆ ಸೇರಿದಾಗ ಇಬ್ಬರೂ ಹಿಡಿದಿದ್ದೆವಲ್ಲ, ನ್ಯೂಟ್ರಲ್ ಸಮೀಕರಣಗಳ ಪರಿಹಾರಗಳು ಕಾಲ ಕಳೆದಂತೆ ಸೊನ್ನೆಗೆ ಇಳಿಯುವುದು ಯಾವಾಗ ಎಂಬ ಪ್ರಶ್ನೆ, ಅದೇ. ಮದುವೆಯಾಗಿ, ಮಾವನವರ ಕಾಯಿಲೆಯಲ್ಲಿ ಸಿಕ್ಕಿಕೊಂಡು ನೀನು ಬಿಟ್ಟ ಮೇಲೆ ನಾನೊಬ್ಬಳೇ ಅದರ ಜೊತೆ ಉಳಿದೆ. ಕಳೆದ ತಿಂಗಳು ಕೊನೆಯ ಸಾಲು ಬರೆದು ತಲೆಯೆತ್ತಿದರೆ ಸ್ಟಾಫ್ ರೂಮಿನಲ್ಲಿ ಯಾರದೋ ವರ್ಗಾವಣೆಯ ಮಾತು ನಡೆಯುತ್ತಿತ್ತು. ಯಾರಿಗೆ ಹೇಳಲಿ? ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬಂದೆ.

ಆ ಪ್ರಮೇಯದ ಜೀವ ನಿನ್ನದು. ವಿಳಂಬವಾಗಿ ಬರುವ ವೇಗದ ಭಾಗವನ್ನು ಬೇರೆ ಮಾಡು, ಅದು ತಣ್ಣಗಾಗುತ್ತದೆಂದು ಮೊದಲು ತೋರಿಸು ಎಂದವಳು ನೀನು. ಲೇಖನಕ್ಕೆ ಇಬ್ಬರ ಹೆಸರನ್ನೂ ಹಾಕಲು ನಿನ್ನ ಒಪ್ಪಿಗೆ ಕೇಳೋಣವೆಂದೇ ಟಿ. ನರಸೀಪುರದಲ್ಲಿ ಬಸ್ ಬದಲಿಸಿ ನಿಮ್ಮ ಮನೆಗೆ ಬಂದೆ.

ನಿಮ್ಮ ಯಜಮಾನರು ದೇವರಾಜು ಅವರು ಜಗಲಿಯಲ್ಲೇ ಸಿಕ್ಕರು. “ಅವ್ಳು ತಲಕಾಡ್ಗೆ ಓಗವ್ಳೆ ಮೇಡಮ್ಮೋರೆ, ಅವ್ರಕ್ಕನ್ ಮನ್ಗೆ” ಎಂದರು. ಬಂದ ಕಾರಣ ಹೇಳಿದೆ. “ಆ ಲೆಕ್ಕದ್ ಮಾತೆತ್ತುದ್ರೆ ಊಟಾನೇ ಬುಟ್‌ಬುಡ್ತಾಳೆ. ಓದ್‌ಬ್ಯಾಡ ಅಂತ ನಾನೇನ್ ಅಂದೋನಲ್ಲ ಕಣ್ರವ್ವ. ಓಗು ಅಂತ್ಲೂ ಅನ್ನಲಿಲ್ಲ” ಎಂದರು.

ಕಾಫಿ ತಂದ ನಿನ್ನ ಮಗಳು ರೋಜಾ ಪಕ್ಕದಲ್ಲೇ ಕುಳಿತಳು. ಬಿ.ಎಸ್ಸಿ. ಓದುತ್ತಿದ್ದಾಳಂತೆ. “ಅಮ್ಮ ರಿಸರ್ಚ್ ಮಾಡ್ತಿದ್ರಾ ಆಂಟಿ? ನಂಗೊತ್ತೇ ಇಲ್ಲ!” ಅವಳಿಗೆ ತಿಳಿಯುವಂತೆ ಹೇಳಿದೆ: ಈಗಿನ ಬದಲಾವಣೆಯ ವೇಗವು ಸ್ವಲ್ಪ ಹೊತ್ತಿನ (ಆ ಅಂತರವೇ ವಿಳಂಬ) ಹಿಂದಿನ ಸ್ಥಿತಿಯನ್ನಷ್ಟೇ ಅಲ್ಲ, ಹಿಂದಿನ ವೇಗವನ್ನೂ ನೆಚ್ಚಿಕೊಂಡಿರುವ ಸಮೀಕರಣ ಇದು, ಅದಕ್ಕೇ ನ್ಯೂಟ್ರಲ್ ಎನ್ನುತ್ತಾರೆ. ಇದರಿಂದ ಹುಟ್ಟುವುದು ಸೆಮಿಗ್ರೂಪ್. ಎರಡು ಗಂಟೆ ಸಾಗಿ ಆಮೇಲೆ ಮೂರು ಗಂಟೆ ಸಾಗು, ಇಲ್ಲವೇ ಒಟ್ಟಿಗೆ ಐದು ಗಂಟೆ ಸಾಗು, ತಲುಪುವುದು ಒಂದೇ ಕಡೆ. “ವಾಪಸ್ ಬರ್ಬೋದಾ?” ಎಂದಳು. ಬರಬಹುದೆಂಬ ಖಾತರಿ ಇಲ್ಲ ಎಂದೆ.

ಲೇಖನದ ಪ್ರತಿಯನ್ನು ಅವಳ ಕೈಗೆ ಕೊಟ್ಟಿದ್ದೇನೆ. ನೀನು ಒಪ್ಪದೆ ನಿನ್ನ ಹೆಸರು ಹಾಕುವಂತಿಲ್ಲ. ಅದನ್ನು ಬಿಟ್ಟು ಪತ್ರಿಕೆಗೆ ಕಳಿಸಲು ನನಗೆ ಮನಸ್ಸಿಲ್ಲ. ನಿಧಾನವಾಗಿ ಓದು.

ರೋಜಾಗೆ ನನ್ನ ಆಶೀರ್ವಾದ, ಹೀಗೇ ಕೇಳುತ್ತಿರಲಿ ಅವಳು. ದೇವರಾಜು ಅವರಿಗೆ ನಮಸ್ಕಾರ. ನೀನು ಚೆನ್ನಾಗಿರು.

ನಿನ್ನ
ಸರ್ವಮಂಗಳಾ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದಿದ್ದೆ. ರೋಜಾಗೆ ವಿವರಿಸುವಾಗ ಒಂದು ಷರತ್ತನ್ನು ಬಿಟ್ಟುಬಿಟ್ಟೆ. ಅಡುಗೆಮನೆಯ ಕದದ ಹಿಂದಿನಿಂದ ಮೆಲ್ಲಗೆ ದನಿ ಬಂತು: “ವಿಳಂಬ ಸೊನ್ನೆ ಹತ್ರ ಬಂದಾಗ ಏನಾಗುತ್ತೆ, ಅದನ್ನ ಹೇಳ್ಲೇ ಇಲ್ಲ.” ರೋಜಾ ತಲೆ ತಗ್ಗಿಸಿದಳು. ದೇವರಾಜು ಅವರು ಬೀದಿಯ ಕಡೆ ನೋಡಿದರು. ನಾನು ಕೇಳಿಸದವಳಂತೆ ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಚಪ್ಪಲಿ ಹಾಕಿಕೊಳ್ಳಲು ಬೇಕೆಂದೇ ತಡ ಮಾಡಿದೆ ಮಾನಸ. ನೀನು ಆಚೆ ಬರಲಿಲ್ಲ.