ಎಡ ಮೇಲ್ದವಡೆಯ ಮೂರನೆಯ ಹಲ್ಲು

ಕುದಿಸುವವನಿಗೆ ಅವಸರವಿರುತ್ತದೆ ಎಂದೋ, ಅವಸರದ ಹಿಂದೆ ಭಯವಿರುತ್ತದೆ ಎಂದೋ, ನನ್ನ ಗುರು ಇರುವಂತಿಯವರು ಒಮ್ಮೆ ಹೇಳಿದ್ದರು. ಮಾತು ಅರ್ಧ ಮಾತ್ರ ನೆನಪಿದೆ. ಅದು ಕೆಲಸದ ಕುರಿತು ಹೇಳಿದ್ದು, ಬುರುಡೆಯನ್ನು ಕುದಿಸಬಾರದು ಎನ್ನುವುದಷ್ಟೇ ಅದರ ಅರ್ಥ ಎಂದು ಇಪ್ಪತ್ತೆರಡು ವರ್ಷ ನಂಬಿದ್ದೆ. ಅದು ಕುದಿಸಿದವರ ಕುರಿತು ಹೇಳಿದ ಮಾತೆಂದು ನಾಲ್ಕು ದಿನದ ಕೆಳಗೆ ತಿಳಿಯಿತು.

ದೊಡ್ಡಬೋರಯ್ಯನವರೇ, ಇಂದು ಎರಡು ಸಾವಿರದ ಮುನ್ನೂರ ಹನ್ನೊಂದನೆಯ ಇಸವಿಯ ಫೆಬ್ರವರಿ ಮೂವತ್ತು. ನಿಮ್ಮ ಕಾಲದಲ್ಲಿ ಇಂಥ ದಿನವೇ ಇರಲಿಲ್ಲವೆಂದು ಬಲ್ಲೆ. ನಾವು ಎಲ್ಲ ತಿಂಗಳನ್ನೂ ಸಮ ಮಾಡಿ, ಮಿಕ್ಕ ದಿನಗಳನ್ನು ವರ್ಷದ ಕೊನೆಯಲ್ಲಿ ಯಾವ ತಿಂಗಳಿಗೂ ಸೇರಿಸದೆ ಇಟ್ಟುಕೊಂಡಿದ್ದೇವೆ. ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿದರೆ ಮನ್ನಿಸಬೇಕು. ನಿಮ್ಮ ಚೀಟಿಯನ್ನು ಓದುವಾಗ ನನಗೂ ಹಾಗೆಯೇ ಆಯಿತು. ನಾನು ವಾರಿಜೆ. ವಯಸ್ಸು ಐವತ್ತೊಂದು. ಉದ್ಯೋಗ ಹಲ್ಲೋದು, ಎಂದರೆ ಹಳೆಯ ಬುರುಡೆಗಳ ಹಲ್ಲಿನೊಳಗೆ ಜೀವದ ಕಣ ಉಳಿದಿದೆಯೇ ಎಂದು ಹುಡುಕುವುದು. ನೀವು ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಸ್ವಚ್ಛ ಮಾಡಿ ಹಲಗೆಗೆ ಬಿಗಿದ ಕಾಟಿಯ, ನಮ್ಮ ಪುಸ್ತಕಗಳು ಕಾಡುಕೋಣ ಎನ್ನುವುದರ, ಬುರುಡೆ ಈಗ ನನ್ನ ಮೇಜಿನ ಮೇಲಿದೆ.

ನೂರ ನಲವತ್ತು ವರ್ಷದ ಹಿಂದೆ ಗೊರಸಿನ ಜ್ವರ ಬಂತು. ಗೊರಸಿದ್ದ ಪ್ರಾಣಿ ಯಾವುದೂ ಉಳಿಯಲಿಲ್ಲ; ಕಾಟಿ, ಕಡವೆ, ಎಮ್ಮೆ, ಹಸು, ಕುರಿ, ಎಲ್ಲವೂ ಎರಡು ಬೇಸಿಗೆಯಲ್ಲಿ ಮುಗಿದವು. ಹಾಲು ಎಂದರೆ ನಮಗೆ ಕಾಳಿನಿಂದ ಹಿಂಡಿದ ಬಿಳಿಯ ನೀರು. ಉಳಿದದ್ದು ಗೋಡೆಗಳ ಮೇಲಿನ ಬುರುಡೆಗಳು. ಬೇಟೆಯ ಹೆಮ್ಮೆಗೆಂದು ತೂಗುಹಾಕಿದ್ದವನ್ನು ನಾವು ಬೀಜದ ಕಣಜದ ಹಾಗೆ ಇಳಿಸಿಕೊಂಡೆವು. ಆಗ ತಿಳಿದದ್ದು, ಬಹುಪಾಲು ಎಲ್ಲವನ್ನೂ ಕುದಿಸಿದ್ದರೆಂದು. ತಲೆಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ವಾರಗಟ್ಟಲೆ ನೆನೆಹಾಕಿ ಮಾಂಸ ತಾನಾಗಿ ಬಿಡುವಂತೆ ಮಾಡಬಹುದಿತ್ತು. ಚರ್ಮ ತಿನ್ನುವ ಹುಳುಗಳ ಪೆಟ್ಟಿಗೆಯಲ್ಲಿಟ್ಟು ಕಾಯಬಹುದಿತ್ತು. ಅವು ಮೂಗಿನೊಳಗಿನ ಕಾಗದದಂಥ ಮೂಳೆಯನ್ನೂ ಮುರಿಯದೆ ಬಿಡಿಸುತ್ತವೆ. ಆಮೇಲೆ ಸೋಪಿನ ನೀರಲ್ಲಿ ಜಿಡ್ಡು ತೆಗೆದರೆ ಸಾಕಿತ್ತು. ಆದರೆ ಅದಕ್ಕೆ ತಿಂಗಳುಗಳು ಬೇಕು, ನಾತ ಸಹಿಸಬೇಕು. ಹಂಡೆಯಲ್ಲಿ ಸೋಡಾ ಹಾಕಿ ಕುದಿಸಿದರೆ ಒಂದೇ ದಿನ. ಕುದಿದ ಮೂಳೆ ಬಿರಿಯುತ್ತದೆ, ಹಲ್ಲು ಸಡಿಲವಾಗಿ ಉದುರುತ್ತದೆ, ಒಳಗಿನ ಜೀವಕಣ ಸುಣ್ಣವಾಗುತ್ತದೆ.

ನಿಮ್ಮ ಬುರುಡೆಯಲ್ಲಿ ಮಾತ್ರ ಒಂದು ಹಲ್ಲು ಜೀವಂತವಾಗಿತ್ತು. ಎಡ ಮೇಲ್ದವಡೆಯ ಮೂರನೆಯದು. ಮಿಕ್ಕವೆಲ್ಲ ಸುಣ್ಣ. ಅದು ಪಕ್ಕದ ಹಲ್ಲುಗಳಿಗಿಂತ ತುಸು ಚಿಕ್ಕದಿತ್ತು, ಬುಡದಲ್ಲಿ ಅರಗಿನ ಕಲೆಯಿತ್ತು. ಅರಗನ್ನು ನಾನು ನೋಡಿದ್ದೆ. ಸಡಿಲವಾದ ಹಲ್ಲನ್ನು ಅಂಟಿಸಿದ್ದಾರೆ ಎಂದುಕೊಂಡೆ. ಹಂಡೆಯಲ್ಲಿ ಕುದಿದು ಸಡಿಲವಾದ ಹಲ್ಲಿನಲ್ಲಿ ಜೀವ ಹೇಗೆ ಉಳಿಯಿತೆಂದು ಕೇಳಿಕೊಳ್ಳಲಿಲ್ಲ. ಮೂವತ್ತರ ಹತ್ತಿರದ ವಯಸ್ಸು. ಸಿಕ್ಕಿದ್ದನ್ನು ಪ್ರಶ್ನಿಸುವ ಮನಸ್ಸು ಆಗ ನನಗಿರಲಿಲ್ಲ. ಹೋಲಿಸಿ ನೋಡಲು ಬೇರೆ ಕಣವೂ ಎಲ್ಲಿಯೂ ಇರಲಿಲ್ಲ. ಗರ್ಭತೊಟ್ಟಿಯಲ್ಲಿ, ತಾಯಿಯಿಲ್ಲದೆ ಮರಿ ಬೆಳೆಸುವ ಬೆಚ್ಚನೆಯ ತೊಟ್ಟಿಯಲ್ಲಿ, ಮೊದಲ ಕರು ಹುಟ್ಟಿತು. ಚಿತ್ರಗಳಲ್ಲಿ ಕಾಟಿ ಕಪ್ಪು, ಗುಡ್ಡದಂಥ ಬೆನ್ನು. ನಮ್ಮದು ಕಂದು, ಹಣೆಯಲ್ಲಿ ಬಿಳಿ ಬೊಟ್ಟು, ಬೆನ್ನು ಚಪ್ಪಟೆ. ತೊಟ್ಟಿಯ ಕೊರತೆ ಎಂದು ಬರೆದಿಟ್ಟೆವು. ಮೊದಮೊದಲು ತೊಟ್ಟಿಯಲ್ಲಿ, ಆಮೇಲೆ ದೊಡ್ಡವುಗಳ ಗರ್ಭದಲ್ಲಿಯೇ ಅದೇ ಕಣ ಬೆಳೆದು, ಹಿಂಡು ಮೂವತ್ತೊಂದಕ್ಕೆ ಏರಿತು.

ಹಟ್ಟಿಯ ಕಾವಲಿಗಿದ್ದ ತಿಮ್ಮಾಜಿ ಓದು ಬಲ್ಲವಳಲ್ಲ. ಹಿಂಡನ್ನು ಕಾಡಿಗೆ ಬಿಡುವ ಹಿಂದಿನ ದಿನ ನನ್ನನ್ನು ಬೇಲಿಯ ಬಳಿ ಕರೆದಳು.

"ಅಕ್ಕಾ, ಇವು ಕಾಡಿಗೆ ಹೋಗೋ ಜಾತಿ ಅಲ್ಲ. ಸಂಜೆ ಆದ್ರೆ ಬಂದು ನನ್ನ ಸೆರಗು ನೆಕ್ತವೆ."

"ಕಾಟಿ ನೆಕ್ಕುತ್ತಾ?"

"ಕಾಟಿ ವಿಷಯ ನಿಮ್ಗೆ ಗೊತ್ತು. ಇದು ನೆಕ್ಕುತ್ತೆ." ಬೇಲಿಯ ಒಳಗೆ ಕೈ ತೋರಿಸಿ ಸೇರಿಸಿದಳು. "ಆ ದೊಡ್ಡದ್ರ ಕೆಚ್ಚಲು ಬಿಗಿದು ಒದ್ದಾಡ್ತಿತ್ತು. ಒತ್ತಿದೆ, ಹಾಲು ಬಂತು. ಕುಡಿದ್ನಪ್ಪಾ. ಬೈಯ್ಯೋದಿದ್ರೆ ಬೈಯ್ರಿ."

"ಹೇಗಿತ್ತು?"

"ನಿಮ್ಮ ಕಾಳಿನ ಹಾಲನ್ನ ಇನ್ಮೇಲೆ ನೀವೇ ಕುಡೀರಿ."

ನಾನು ನಕ್ಕೆ. ಪಳಗಿಸಿದ್ದು ಹೆಚ್ಚಾಯಿತು, ಬಿಟ್ಟರೆ ಸರಿಹೋಗುತ್ತದೆ ಎಂದೆ. ಮರುದಿನ ಬಿಟ್ಟೆವು. ಇಡೀ ಊರು ಬಂದಿತ್ತು. ಕಾಡಿನಲ್ಲಿ ಮೂರು ಹುಲಿಗಳಿವೆ. ಅವನ್ನೂ ನಾವೇ ಬೆಳೆಸಿ ಬಿಟ್ಟದ್ದು. ಕಾಟಿಯ ಹಿಂಡು ಹುಲಿಯನ್ನು ಕೊಂಬಿನ ಸಾಲಿನಿಂದ ಹಿಮ್ಮೆಟ್ಟಿಸುತ್ತದೆ ಎಂದು ಪುಸ್ತಕಗಳು ಹೇಳುತ್ತವೆ.

ನಮ್ಮಲ್ಲಿ ಮರಳಿಕೆ ಎಂಬ ಪದ್ಧತಿಯುಂಟು. ಯಾವ ಪ್ರಾಣಿ ಕಾಡಿಗೆ ಹಿಂತಿರುಗಿತೋ, ಅದರ ಮೂಲ ಬುರುಡೆಯನ್ನು ಹಲಗೆಯಿಂದ ಬಿಡಿಸಿ, ತೊಳೆದು, ಅದೇ ಕಾಡಿನ ಮಣ್ಣಿಗೆ ಕೊಡಬೇಕು. ತೊಳೆಯುವಾಗ ಬುರುಡೆಯನ್ನು ಬೋರಲು ಹಿಡಿದು, ಕತ್ತಿನ ಕಡೆಯ ರಂಧ್ರದಲ್ಲಿ ನೀರು ಹೊಯ್ಯುತ್ತೇವೆ. ಮಿದುಳಿದ್ದ ಗೂಡು ತುಂಬಿ, ಕಣ್ಣಿನ ಕಡೆಯಿಂದ ನೀರು ಹರಿಯಬೇಕು. ಹಿಂಡನ್ನು ಬಿಟ್ಟ ನಾಲ್ಕನೆಯ ದಿನ ನಾನು ನೀರು ಹೊಯ್ದೆ. ಹರಿಯಲಿಲ್ಲ. ಕಡ್ಡಿ ಹಾಕಿ ಎಳೆದೆ. ಗಟ್ಟಿಯಾದ ಹತ್ತಿ ಬಂತು, ಹತ್ತಿಯೊಳಗೆ ಮೇಣ ಬಳಿದ ಬಟ್ಟೆ, ಬಟ್ಟೆಯೊಳಗೆ ನಿಮ್ಮ ಚೀಟಿ.

"ಬೇಯ್ಸಿದ್ದು ಜಾಸ್ತಿ ಆಗೋಯ್ತು. ಹಲ್ಲೊಂದು ಹಂಡೆ ನೀರಿನ ಜೊತೆ ಚರಂಡಿಗೆ ಹೋಯ್ತು. ಸಾಹೇಬ್ರು ನಾಳೀಕೆ ಬತ್ತಾರೆ, ಎಣಿಸಿ ನೋಡ್ತಾರೆ. ಹೋದ ವಾರ ನಮ್ಮ ಹಸ ಸತ್ತಿತ್ತು. ಹೂತಿದ್ದನ್ನ ಅಗೆದು ಅದರ ಹಲ್ಲು ತಂದು ಅರಗಲ್ಲಿ ಕೂರ್ಸಿವ್ನಿ. ಹೆಂಡ್ರು ಮಾತಾಡ್ತಿಲ್ಲ. ಬಿಚ್ಚಿ ನೋಡಿದವರು ಬೈಕಬೇಡಿ. ದೊಡ್ಡಬೋರಯ್ಯ."

ಬೈಯಲಿಲ್ಲ. ಬುರುಡೆಯನ್ನು ತಿರುಗಿಸಿ ಆ ಅರಗಿನ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ನೀವು ಸಾಹೇಬರಿಗೆ ಹೆದರಿ ಒಂದು ತೂತು ಮುಚ್ಚಿದಿರಿ. ಆ ತೂತಿನ ಮೂಲಕ ನಾನು ಒಂದು ಕಾಡನ್ನು ತುಂಬಿಸಲು ಹೊರಟಿದ್ದೆ. ಕಾಟಿ ಬರಲಿಲ್ಲ, ಇನ್ನು ಬರುವುದೂ ಇಲ್ಲ. ಬಂದದ್ದು ನಿಮ್ಮ ಮನೆಯ ಹಸು. ಹಣೆಯ ಬೊಟ್ಟಿನ ಸಮೇತ ಮೂವತ್ತೊಂದು ಸಲ ಬಂದು, ಬೇಲಿಯ ಬಳಿ ನಿಂತು, ಯಾರಾದರೂ ಬಾಗಿಲು ತೆಗೆಯುತ್ತಾರೆಂದು ಕಾದದ್ದು.

ಆ ಮಧ್ಯಾಹ್ನವೇ ಊರಸಭೆಗೆ ಹೋಗಿ ಹೇಳಿದೆ. ಯಾರೂ ರೇಗಲಿಲ್ಲ, ರೇಗಿದ್ದರೆ ಚೆನ್ನಾಗಿರುತ್ತಿತ್ತು. ಹಿರಿಯರೊಬ್ಬರು, "ಹಾಗಾದ್ರೆ ನಾವು ಮನೆ ಪ್ರಾಣಿನ ಹುಲಿ ಬಾಯಿಗೆ ಅಟ್ಟಿದ್ವಾ ವಾರಿಜೆ?" ಎಂದಷ್ಟೇ ಕೇಳಿದರು. ಹೌದು ಎಂದೆ. ಬೇಲಿಯ ಬಾಗಿಲನ್ನು ತೆಗೆಸಿದರು. ಮೊದಲ ಮೂರು ಸಂಜೆ ಅವು ಆಚೆ ಬದಿಯಲ್ಲಿ ಬಂದು ನಿಂತು ಕೂಗಿದ್ದವಂತೆ. ಬಾಗಿಲು ಮುಚ್ಚಿತ್ತು, ತೆಗೆಯಬಾರದೆಂಬ ಅಪ್ಪಣೆ ನನ್ನದೇ. ತಿಮ್ಮಾಜಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳಂತೆ. ನಾಲ್ಕನೆಯ ಸಂಜೆ, ಬಾಗಿಲು ತೆರೆದಾಗ, ಅವು ಬರಲಿಲ್ಲ. ಮರುದಿನ ಬೆಳಿಗ್ಗೆ ಹಳ್ಳದ ಬಳಿ ಒಂದರ ತಲೆ ಸಿಕ್ಕಿತು. ಅದನ್ನು ನೀರಿನಲ್ಲಿ ನೆನೆಹಾಕಿದ್ದೇನೆ. ಕುದಿಸುವುದಿಲ್ಲ.

ಉಳಿದ ಮೂವತ್ತು ಒಳಗೆ ಎಲ್ಲೋ ಚದುರಿವೆ. ನಾಲ್ಕು ದಿನದಿಂದ ಊರಿನವರು ಸರದಿಯಲ್ಲಿ ಹೋಗಿ ಕೂಗುತ್ತಿದ್ದಾರೆ. ಒಬ್ಬರು ಶಿಳ್ಳೆ ಹಾಕುತ್ತಾರೆ, ಒಬ್ಬರು ತಟ್ಟೆ ಬಡಿಯುತ್ತಾರೆ. ನಾನು ಹಲ್ಲಿನ ಸಂಖ್ಯೆಯನ್ನು ಕೂಗಿ ನೋಡಿದೆ. ನನಗೆ ಅವುಗಳ ಹೆಸರೆಂದು ಗೊತ್ತಿದ್ದದ್ದು ಅದೊಂದೇ. ಹಸುವನ್ನು ಮನೆಗೆ ಕರೆಯುವುದು ಹೇಗೆಂದು ಬಲ್ಲವರು ಭೂಮಿಯ ಮೇಲೆ ಒಬ್ಬರೂ ಉಳಿದಿಲ್ಲ. ಪುಸ್ತಕಗಳಲ್ಲಿ ಅದರ ತೂಕವಿದೆ, ಹಾಲಿನ ಕೊಬ್ಬಿನ ಅಂಶವಿದೆ.

ಈ ಕಾಗದವನ್ನು ಅದೇ ಬಟ್ಟೆಯಲ್ಲಿ ಸುತ್ತಿ, ಅದೇ ಗೂಡಿನೊಳಗೆ ಇಟ್ಟು, ಹತ್ತಿ ತುರುಕಿ ಮುಚ್ಚುತ್ತೇನೆ. ನಿಮ್ಮನ್ನು ತಲುಪಲು ನನಗೆ ಗೊತ್ತಿರುವ ದಾರಿ ಇದೊಂದೇ, ಅದು ಹಿಂದಕ್ಕೆ ಹೋಗುವುದಿಲ್ಲವೆಂದೂ ಗೊತ್ತು. ಹೊರಗೆ ಬಿಸಿಲು ಇಳಿಯುತ್ತಿದೆ. ತಿಮ್ಮಾಜಿ ಆಗಲೇ ಬಾಗಿಲ ಬಳಿ ಹೋಗಿ ನಿಂತಿದ್ದಾಳೆ, ಸೆರಗನ್ನು ಬೇಲಿಯ ಆಚೆಗೆ ಇಳಿಬಿಟ್ಟುಕೊಂಡು.

ಬೋರಯ್ಯನವರೇ, ಹೊತ್ತು ಇಳಿದ ಮೇಲೂ ನಿಮ್ಮ ಹಸು ಮನೆಗೆ ಬಾರದಿದ್ದ ದಿನ, ಬಾಗಿಲಲ್ಲಿ ನಿಂತು ನೀವು ಅದನ್ನು ಏನೆಂದು ಕರೆಯುತ್ತಿದ್ದಿರಿ?