ಗೇಟ್ ರಿಜಿಸ್ಟರಿನ ಪುಟ

ಮುದ್ದು ಅಪ್ಪನಿಗೆ,

ನನಗೆ ಕೆಲಸ ಸಿಕ್ಕಿತು ಅಪ್ಪಾ, ಮದುವೆಯಾಗಿ ಇಪ್ಪತ್ತೇ ದಿನಕ್ಕೆ! ಇವರು ಪಾಠ ಮಾಡುವ ಯೂನಿವರ್ಸಿಟಿಗೆ ಇಪ್ಪತ್ತೈದು ವರ್ಷ ತುಂಬಿತಲ್ಲ, ಅದರ ಇತಿಹಾಸ ಬರೆಯುವ ಕೆಲಸ. ಕ್ಯಾಂಪಸ್ ಎಷ್ಟು ಚೆಂದ ಗೊತ್ತಾ! ಲೈಬ್ರರಿ ಮುಂದೆ ಕಾರಂಜಿ, ಎಲ್ಲೆಲ್ಲೂ ಗುಲಾಬಿ. ಅಕ್ಕ ಇದ್ದ ಹಾಸ್ಟೆಲ್ಲಿಗೆ ಹಳದಿ ಬಣ್ಣ ಬಳಿದಿದ್ದಾರೆ.

ಅಕ್ಕ ಅಂದೆನೆಂದು ಕಾಗದ ಮಡಚಿಡಬೇಡಿ, ಪ್ಲೀಸ್. ಅವಳು ಯಾರ ಜೊತೆಗೋ ವಾರವಿಡೀ ಹೊರಗೆ ತಿರುಗಿ, ಕಾಯಿಲೆ ತಂದುಕೊಂಡು ಸತ್ತಳು ಅಂತ ತಾನೇ ಯೂನಿವರ್ಸಿಟಿಯವರು ನಿಮಗೆ ಹೇಳಿದ್ದು? ಹಳೆಯ ಕಡತಗಳ ನಡುವೆ ನನಗೆ ಹಾಸ್ಟೆಲ್ ಹುಡುಗಿಯರು ಹೊರಗೆ ಹೋಗುವಾಗ ಸಹಿ ಮಾಡುವ ರಿಜಿಸ್ಟರ್ ಸಿಕ್ಕಿತು. ಆ ವಾರದ ಪುಟದಲ್ಲಿ ಒಂದೂ ಸಹಿಯಿಲ್ಲ. ವಾರ್ಡನ್ ಬರೆದಿದ್ದಾರೆ: "ಟ್ಯಾಂಕಿನ ನೀರು ಕುಡಿದು ಹನ್ನೊಂದು ಹುಡುಗಿಯರಿಗೆ ಜ್ವರ. ಮೇಲಿನವರ ಆದೇಶದಂತೆ ಗೇಟಿಗೆ ಬೀಗ. ಆಸ್ಪತ್ರೆಗೂ ಯಾರನ್ನೂ ಬಿಟ್ಟಿಲ್ಲ."

ರಿಜಿಸ್ಟ್ರಾರಿಗೆ ತೋರಿಸಿದೆ. "ಹೊಸ ಮದುಮಗಳು ನೀವು, ಇದೆಲ್ಲ ಯಾಕಮ್ಮಾ? ಆ ವರ್ಷ ಹಾರಿಸಿ, ಕಾರಂಜಿ ಬಗ್ಗೆ ಬರೀರಿ" ಎಂದರು. ನಾನು ರಿಜಿಸ್ಟರನ್ನೇ ಮನೆಗೆ ತಂದೆ. ನಿಮ್ಮ ಅಳಿಯ ಕೇಳಿ, "ಆ ಪುಸ್ತಕದ ಜೊತೆ ನನ್ನ ಅಂಗಿಗಳನ್ನೂ ತುಂಬು ಮಾರಾಯ್ತಿ, ಇನ್ನು ನಮ್ಮನ್ನ ಇಲ್ಲಿ ಯಾರು ಇಟ್ಕೋತಾರೆ?" ಎಂದು ನಕ್ಕರು. ಎಷ್ಟು ಒಳ್ಳೆಯವರು ಅಪ್ಪಾ!

ಅಟ್ಟಕ್ಕೆ ಹಾಕಿದ ಅಕ್ಕನ ಫೋಟೊ ಇಳಿಸಿ, ಗಾಜು ಒರೆಸಿಡಿ. ಮೊಳೆ ಗೋಡೆಯಲ್ಲೇ ಇದೆ. ಅಮ್ಮನಿಗೆ ನೀವೇ ಹೇಳಿ, ನನ್ನಿಂದಾಗದು. ಶುಕ್ರವಾರ ಬೆಳಗಿನ ಏಳೂವರೆ ಪ್ಯಾಸೆಂಜರಿಗೆ ಮೂವರೂ ಬರುತ್ತೇವೆ, ರಿಜಿಸ್ಟರನ್ನೂ ಸೇರಿಸಿ.

ನಿಮ್ಮ ಚಿಕ್ಕವಳು